ಮಳೆಗಾಲಕ್ಕೆ ಮುಂಚೆ ಪಾಠ ಕೂಡಿಡುವುದು

(ಸದಸ್ಯರೊಬ್ಬರಿಂದ)

ಮೇ ತಿಂಗಳು ಬಂತೆಂದರೆ ನಮ್ಮ ಮಲೆನಾಡಿನ ಮನೆಗಳಲ್ಲಿ ಕೂಡಿಡುವ ಕೆಲಸ ಪ್ರಾರಂಭವಾಗುವುದು ಸದಸ್ಯ ಬಾಂಧವರಿಗೆಲ್ಲ ತಿಳಿದ ವಿಷಯ. ಕೊಟ್ಟಿಗೆಗೆ ದರಗು, ಒಲೆಗೆ ಒಣ ಸೌದೆ, ದನಕ್ಕೆ ಹುಲ್ಲು, ಕೊಳೆ ಔಷಧಿಗೆ ಮೈಲುತುತ್ತ ಮತ್ತು ಸುಣ್ಣ, ಅಡುಗೆಮನೆಗೆ ಹಪ್ಪಳ ಸಂಡಿಗೆ, ಇವೆಲ್ಲ ಮೃಗಶಿರ ಮಳೆ ಹಿಡಿಯುವ ಮೊದಲೇ ಮನೆಯೊಳಗೆ ಸೇರಿರಬೇಕು. ಈ ಪಟ್ಟಿಗೆ ಇನ್ನೊಂದನ್ನು ಸೇರಿಸುವ ಕಾಲ ಬಂದಿದೆ. ಅದು ಮೊಬೈಲಿನಲ್ಲಿ ನೋಡುವ ಪಾಠ. ಹೆಚ್ಚಾಗಿ ಮಕ್ಕಳದು, ಆದರೆ ಕೃಷಿಯ ವಿಷಯದಲ್ಲಿ ನಮ್ಮದೂ ಹೌದು.

ಹೋದ ವರ್ಷ ನಮ್ಮ ಮನೆಯಲ್ಲಿ ನಡೆದುದನ್ನು ಮೊದಲು ಹೇಳುತ್ತೇನೆ. ನನ್ನ ತಮ್ಮನ ಮಗಳು ಬಿ.ಕಾಂ. ಮುಗಿಸಿ ಮನೆಯಲ್ಲಿದ್ದುಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಳು. ಕಾಳುಮೆಣಸು ಮಾರಿದ ದುಡ್ಡಿನಲ್ಲಿ ನಾಲ್ಕು ಸಾವಿರ ರೂಪಾಯಿ ಕಟ್ಟಿ ಒಂದು ಖಾಸಗಿ ಸಂಸ್ಥೆಯ ಪಾಠಕ್ಕೆ ಸೇರಿದ್ದಳು. ಹುಡುಗಿ ಜಾಣೆ. ಮಳೆಗಾಲದಲ್ಲಿ ನಮ್ಮಲ್ಲಿ ಸಿಗ್ನಲ್ ನಿಲ್ಲುವುದಿಲ್ಲವೆಂದು ಗೊತ್ತಿದ್ದು, ಮೇ ಕೊನೆಯಲ್ಲೇ ಪೇಟೆಯ ನೆಂಟರ ಮನೆಯಲ್ಲಿ ಮೂರು ದಿನ ಕುಳಿತು ಅಷ್ಟೂ ಪಾಠಗಳನ್ನು ಆ ಸಂಸ್ಥೆಯ ಆ್ಯಪಿನೊಳಗೆ ಇಳಿಸಿಕೊಂಡು ಬಂದಳು. ಪುಷ್ಯ ಮಳೆಗೆ ಲೈನಿನ ಮೇಲೆ ಮರ ಬಿದ್ದು ಒಂಬತ್ತು ದಿನ ಕರೆಂಟಿಲ್ಲ. ಎರಡನೆಯ ದಿನಕ್ಕೆ ಟವರಿನ ಬ್ಯಾಟರಿಯೂ ಮುಗಿಯಿತು. ನಮಗೇನೂ ಚಿಂತೆಯಿರಲಿಲ್ಲ, ಜೀಪಿನ ಬ್ಯಾಟರಿಯಿಂದ ಫೋನು ಚಾರ್ಜು ಮಾಡಿಕೊಂಡು ಅವಳು ಜಗಲಿಯಲ್ಲಿ ಕುಳಿತು ಓದುತ್ತಿದ್ದಳು. ಐದನೆಯ ದಿನ ಬೆಳಿಗ್ಗೆ ಬಂದು, "ದೊಡ್ಡಪ್ಪ, ಪಾಠ ಎಲ್ಲಾ ಇದೆ, ಒಂದೂ ತೆರೀತಾ ಇಲ್ಲ" ಎಂದಳು. ನೋಡಿದರೆ ಪಾಠಗಳ ಹೆಸರು ಸಾಲಾಗಿ ಇವೆ. ಯಾವುದನ್ನು ಒತ್ತಿದರೂ, ಒಮ್ಮೆ ಇಂಟರ್ನೆಟ್ಟಿಗೆ ಸೇರಿ ಖಾತೆಯನ್ನು ಖಚಿತಪಡಿಸಿಕೊಳ್ಳಿ ಎಂಬ ಒಂದೇ ಉತ್ತರ. ಖಚಿತಪಡಿಸಲು ಹದಿನೆಂಟು ಕಿಲೋಮೀಟರ್ ಹೋಗಬೇಕು, ದಾರಿಯಲ್ಲಿ ಧರೆ ಕುಸಿದಿತ್ತು. ಪರೀಕ್ಷೆಗೆ ಉಳಿದದ್ದು ಹನ್ನೊಂದು ದಿನ. ಪರೀಕ್ಷೆ ಬರೆದಳು, ಆಯ್ಕೆಯಾಗಲಿಲ್ಲ. ಪಾಠ ತೆರೆದಿದ್ದರೆ ಆಗುತ್ತಿದ್ದಳು ಎಂದು ನಾನು ಹೇಳಲಾರೆ. ಆದರೆ ದುಡ್ಡು ಕೊಟ್ಟು ತಂದು ಕಣಜಕ್ಕೆ ತುಂಬಿದ ಭತ್ತಕ್ಕೆ ಬೇರೆಯವರ ಬೀಗ ಬಿದ್ದಂತಾಯಿತಲ್ಲ ಎಂಬ ಸಂಕಟ ಇನ್ನೂ ಹೋಗಿಲ್ಲ.

ಇಳಿಸಿಕೊಳ್ಳುವುದರಲ್ಲಿ ಎರಡು ಬಗೆ ಇದೆ ಎಂಬುದು ಆ ಮೇಲೆ ನಮಗೆ ತಿಳಿಯಿತು. ಒಂದು, ಪಾಠದ ಫೈಲು ನಿಜವಾಗಿ ನಿಮ್ಮ ಫೋನಿಗೋ ಮೆಮೊರಿ ಕಾರ್ಡಿಗೋ ಬಂದು ಬೀಳುವುದು. ಅದು ನಿಮ್ಮ ಮನೆಯ ಅಟ್ಟದ ಮೇಲಿನ ಅಡಿಕೆಯಿದ್ದಂತೆ. ಎರಡನೆಯದು, ಫೈಲು ಫೋನಿನಲ್ಲಿದ್ದರೂ ಆ ಆ್ಯಪಿನ ಬೀಗದೊಳಗೇ ಇರುವುದು. ಅದನ್ನು ತೆರೆಯುವ ಅಧಿಕಾರ ಆ್ಯಪಿನದು, ನಿಮ್ಮದಲ್ಲ. ಯೂಟ್ಯೂಬಿನ ಆ್ಯಪಿನಲ್ಲಿ ಇಳಿಸಿಕೊಳ್ಳುವ ಸೌಕರ್ಯ ನಮ್ಮ ದೇಶಕ್ಕೆ ಬಂದದ್ದು 2014ರ ಡಿಸೆಂಬರಿನಲ್ಲಿ. ಅದೂ ಈ ಎರಡನೆಯ ಬಗೆಯದೇ. ಸುಮಾರು ತಿಂಗಳೊಳಗೆ ಒಮ್ಮೆಯಾದರೂ ಫೋನು ಇಂಟರ್ನೆಟ್ಟಿಗೆ ಸೇರಬೇಕು. ಕೆಲವು ವಿಡಿಯೊಗಳಿಗೆ 48 ಗಂಟೆಯದೇ ಗಡುವು. ಕೋರ್ಸೆರಾ, ಯುಡೆಮಿ ಮೊದಲಾದವುಗಳ ಆ್ಯಪಿನಲ್ಲೂ ಇಳಿಸಿಕೊಳ್ಳಬಹುದು, ಆದರೆ ಅಲ್ಲಿಯೂ ಪಾಠ ಆ್ಯಪಿನೊಳಗೇ ಉಳಿಯುತ್ತದೆ. ಇದರಲ್ಲಿ ಮೋಸವೇನೂ ಇಲ್ಲ, ಪಾಠ ಮಾಡಿದವರ ಹಕ್ಕು ಕಾಯಲು ಹೀಗೆ ಮಾಡಿದ್ದಾರೆ. ನಮಗೆ ಮೊದಲೇ ಗೊತ್ತಿರಬೇಕು, ಅಷ್ಟೆ.

ಗೊತ್ತು ಮಾಡಿಕೊಳ್ಳುವುದು ಕಷ್ಟವಲ್ಲ. ಇಳಿಸಿಕೊಂಡ ಮೇಲೆ ಫೋನಿನ ಫೈಲುಗಳ ಪಟ್ಟಿಯನ್ನು ತೆರೆದು ನೋಡಿರಿ. ಪಾಠ ಅಲ್ಲಿ ಎಂಪಿ4 ಎಂಬ ಬಾಲದೊಂದಿಗೆ ಕಾಣಿಸಿ, ಫೋನಿನ ಸಾಮಾನ್ಯ ವಿಡಿಯೊ ಪ್ಲೇಯರಿನಲ್ಲಿ ಓಡಿದರೆ ಅದು ನಿಮ್ಮದು. ಆ ಆ್ಯಪ್ ಬಿಟ್ಟು ಬೇರೆಲ್ಲೂ ಕಾಣಿಸದಿದ್ದರೆ ಅದು ಸಾಲದ ಸರಕು. ಸಾಲದ ಸರಕನ್ನು ಬೇಡವೆನ್ನುವುದಿಲ್ಲ. ಪೇಟೆಗೆ ಹೋದಾಗಲೆಲ್ಲ, ಸಿಗ್ನಲ್ ಸಿಕ್ಕಾಗಲೆಲ್ಲ ಆ್ಯಪನ್ನು ಒಮ್ಮೆ ತೆರೆದು ಗಡುವನ್ನು ಮುಂದಕ್ಕೆ ಹಾಕಿಸಿಕೊಳ್ಳುತ್ತಿರಬೇಕು. ಪೇಟೆಯಿಂದ ಹೊರಡುವ ಮುನ್ನ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಒಂದೊಂದೇ ಪಾಠ ತೆರೆಯುತ್ತದೆಯೋ ಎಂದು ಪರೀಕ್ಷಿಸಿರಿ. ಅರ್ಧಕ್ಕೆ ನಿಂತ ಪಾಠ ಮನೆಗೆ ಬಂದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ನಿಜವಾಗಿ ನಮ್ಮದಾಗುವ ಪಾಠಗಳೂ ಬೇಕಾದಷ್ಟಿವೆ, ಅದೂ ಪುಕ್ಕಟೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್ ಎಂಬ ಯೋಜನೆಯ ಜಾಲತಾಣದಲ್ಲಿ, ಪಾಠದ ಪುಟದಲ್ಲೇ ಇಳಿಸಿಕೊಳ್ಳುವ ವಿಭಾಗ ಇದೆ. ವಿಡಿಯೊ ಮಾತ್ರವಲ್ಲ, ಪಾಠದ ಮಾತುಗಳನ್ನು ಅಕ್ಷರಕ್ಕಿಳಿಸಿದ ಪುಸ್ತಕವೂ ಸಿಗುತ್ತದೆ; ಕೆಲವು ಪಾಠಗಳಿಗೆ ಕನ್ನಡದಲ್ಲೂ ಇದೆ. ಎಂಜಿನಿಯರಿಂಗ್ ಓದುವವರಿಗಷ್ಟೇ ಎಂದು ತಿಳಿಯಬೇಡಿರಿ. ಖರಗಪುರ ಐಐಟಿಯವರ ಸಾವಯವ ಕೃಷಿಯ ಪಾಠವನ್ನು ನಾನೇ ಮಳೆಗಾಲದ ಸಂಜೆಗಳಲ್ಲಿ ನೋಡಿದ್ದೇನೆ. ಇಂಗ್ಲಿಷು ಅರ್ಧ ಅರ್ಥವಾಯಿತು. ಉಳಿದರ್ಧವನ್ನು ಹುಡುಗಿ ಹೇಳಿದಳು. ಅವರ ಉದಾಹರಣೆಗಳು ಹೆಚ್ಚಾಗಿ ಗದ್ದೆಯವು, ನಮ್ಮ ತೋಟದವಲ್ಲ ಎಂಬ ಕೊರತೆಯನ್ನೂ ಹೇಳಿಬಿಡುತ್ತೇನೆ.

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯವರು ಒಂದು ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಕೇಂದ್ರ ಸರ್ಕಾರದ 'ಸ್ವಯಂ' ವೇದಿಕೆ 2017ರ ಜುಲೈಯಲ್ಲಿ ಆರಂಭವಾಯಿತು. ಯುಜಿಸಿಯ 2021ರ ನಿಯಮದ ಪ್ರಕಾರ, ಕಾಲೇಜು ಒಪ್ಪಿದರೆ ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇ. 40ರವರೆಗೆ ಇದರಿಂದ ಪಡೆಯಬಹುದು. ಆದ್ದರಿಂದ ಇದು ಹವ್ಯಾಸದ ಮಾತಲ್ಲ, ಅಂಕಪಟ್ಟಿಯ ಮಾತು. ಇದರ ಜುಲೈ ಸರದಿಯ ಪಾಠಗಳು ಸಾಮಾನ್ಯವಾಗಿ ಜುಲೈ ಕೊನೆಗೆ ಹಿಡಿದು ಅಕ್ಟೋಬರಿನವರೆಗೆ ನಡೆಯುತ್ತವೆ. ಎಂದರೆ ಪುಷ್ಯ, ಆಶ್ಲೇಷ ಮಳೆಗಳ ನಡುವೆ, ನಾವು ಎರಡನೆಯ ಔಷಧಿಗೆ ಕೊನೆಗಾರನ ದಾರಿ ಕಾಯುವ ದಿನಗಳಲ್ಲೇ! ದೆಹಲಿಯಲ್ಲಿ ಕುಳಿತು ವೇಳಾಪಟ್ಟಿ ಹಾಕುವವರಿಗೆ ಆಗುಂಬೆಯ ಮಳೆ ಕಾಣಿಸಬೇಕಾಗಿಲ್ಲ.

ಈ ಪಾಠಗಳು ವಾರಕ್ಕಿಷ್ಟರಂತೆ ಬಿಡುಗಡೆಯಾಗುವುದರಿಂದ ಎಲ್ಲವನ್ನೂ ಮೇ ತಿಂಗಳಲ್ಲಿ ಇಳಿಸಿಕೊಳ್ಳಲಾಗದು ಎಂದು ನಮ್ಮ ಹುಡುಗಿ ಮೊದಲು ಕೈಚೆಲ್ಲಿದ್ದಳು. ಆದರೆ ಎನ್‌ಪಿಟಿಇಎಲ್‌ನವರು ನಡೆಸುವ ಬಹಳಷ್ಟು ಪಾಠಗಳು ಹಿಂದೆ ನಡೆದವೇ ಮರಳಿ ಬರುವಂಥವು. ಹಿಂದಿನ ಸರದಿಯ ವಿಡಿಯೊಗಳು ಅವರ ಜಾಲತಾಣದಲ್ಲಿ ಇದ್ದರೆ ಅವನ್ನು ಮೊದಲೇ ತಂದಿಟ್ಟುಕೊಂಡು ಓದಿ ಮುಗಿಸಬಹುದು. ವಾರದ ಲೆಕ್ಕಪತ್ರ, ಅಂದರೆ ಅಸೈನ್‌ಮೆಂಟು, ಅದಕ್ಕೆ ಮಾತ್ರ ಸಿಗ್ನಲ್ ಬೇಕೇ ಬೇಕು, ಅದಕ್ಕೆ ಕೊನೆಯ ದಿನವೂ ಇದೆ. ಇಲ್ಲಿ ಧೈರ್ಯಗೆಡಬಾರದು. ಹನ್ನೆರಡು ವಾರದ ಪಾಠದಲ್ಲಿ ಅತ್ಯುತ್ತಮವಾದ ಎಂಟನ್ನೂ, ಎಂಟು ವಾರದ್ದರಲ್ಲಿ ಆರನ್ನೂ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಇವಕ್ಕೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಟವರು ಒಂದು ವಾರ ಸತ್ತರೆ ಮಗುವಿನ ವರ್ಷವೇನೂ ಹಾಳಾಗುವುದಿಲ್ಲ. ಇದು ತಿಳಿಯದೆ ಒಂದು ಅಸೈನ್‌ಮೆಂಟು ತಪ್ಪಿತೆಂದು ಪಾಠವನ್ನೇ ಬಿಟ್ಟ ಹುಡುಗರನ್ನು ನಾನು ಬಲ್ಲೆ.

ಇನ್ನು ಖರ್ಚಿನ ಲೆಕ್ಕ. ಅರ್ಧ ಗಂಟೆಯ ಒಂದು ಪಾಠ, 360 ಎಂಬ ಸಾಧಾರಣ ದರ್ಜೆಯಲ್ಲಿ, ನಮ್ಮ ಮನೆಯಲ್ಲಿ ನೋಡಿದಂತೆ ಸುಮಾರು 90 ಎಂಬಿ ಬಂತು. ಅಂಥ ನಲವತ್ತು ಪಾಠಕ್ಕೆ ಮೂರೂವರೆ ಜಿಬಿ ಚಿಲ್ಲರೆ. ದಿನಕ್ಕೆ ಒಂದೂವರೆ ಜಿಬಿ ಕೊಡುವ ಪ್ಯಾಕಿನಲ್ಲಿ ಮೂರು ದಿನದ ಕೆಲಸ. ಅದನ್ನೇ 720ರ ದರ್ಜೆಯಲ್ಲಿ ತಂದರೆ ಮೂರು ಪಾಲಿಗೂ ಮೀರುತ್ತದೆ. ಹಲಗೆಯ ಮೇಲಿನ ಅಕ್ಷರ ಓದಲಿಕ್ಕೆ ಆದರೆ ಸಾಕು. ಮೇಷ್ಟರ ಮುಖ ಸ್ಪಷ್ಟವಾಗಿ ಕಾಣುವುದು ಅಷ್ಟು ಮುಖ್ಯವಲ್ಲ. 32 ಜಿಬಿಯ ಒಂದು ಕಾರ್ಡಿನಲ್ಲಿ ಇಂಥ ಏಳೆಂಟು ಕೋರ್ಸು ಹಿಡಿಯುತ್ತವೆ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕಾರ್ಡನ್ನು ನಂಬಬೇಡಿರಿ, ಮುಖ್ಯವಾದುದಕ್ಕೆ ಎರಡನೆಯ ಪ್ರತಿ ಇರಲಿ. ಎಂಪಿ4 ಫೈಲನ್ನು ಪೆನ್‌ಡ್ರೈವಿಗೆ ಹಾಕಿದರೆ ಯುಎಸ್‌ಬಿ ಕಿಂಡಿಯಿರುವ ಹೆಚ್ಚಿನ ಟಿವಿಗಳಲ್ಲಿ ಓಡುತ್ತದೆ. ಕರೆಂಟಿದ್ದರೆ!

ಡಿಶ್ ಇರುವ ಮನೆಯವರಿಗೆ 'ಸ್ವಯಂ ಪ್ರಭಾ' ಎಂಬ ಪಾಠದ ಚಾನೆಲ್ಲುಗಳೂ ಇವೆ, 2017ರಲ್ಲಿ ಮೂವತ್ತೆರಡರಿಂದ ಆರಂಭವಾದವು, ಇಂಟರ್ನೆಟ್ ಬೇಡ. ಜಡಿಮಳೆ ಹಿಡಿದರೆ ಡಿಶ್ಶಿನ ಚಿತ್ರವೂ ನಿಲ್ಲುತ್ತದೆಂಬುದು ನಿಮಗೆ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ. ಲಿಂಕು ಅಂಟಿಸಿದರೆ ಯಾವ ವಿಡಿಯೊವನ್ನಾದರೂ ಇಳಿಸಿಕೊಡುತ್ತೇವೆ ಎನ್ನುವ ತಾಣಗಳು ಹಲವಿವೆ. ಅಲ್ಲಿ ಇಳಿಸಿಕೊಳ್ಳುವ ಗುಂಡಿಯಂತೆ ಕಾಣುವ ನಾಲ್ಕಾರು ಗುಂಡಿಗಳಿದ್ದು, ತಪ್ಪಿ ಒತ್ತಿದರೆ ಬೇಡದ ಆ್ಯಪು ಫೋನಿಗೆ ನುಗ್ಗುತ್ತದೆ. ಅದೇ ಫೋನಿನಲ್ಲಿ ನಮ್ಮ ಬ್ಯಾಂಕಿನ ವ್ಯವಹಾರವೂ ಇರುತ್ತದೆ. ಅಲ್ಲದೆ ದುಡ್ಡಿನ ಪಾಠವನ್ನು ಹಾಗೆ ಕದ್ದು ಹಂಚುವುದು ಸರಿಯೂ ಅಲ್ಲ. ಹಂಚಿಕೊಳ್ಳಲು ಅನುಮತಿಯಿರುವ ಪಾಠಗಳ ಮೇಲೆ 'ಕ್ರಿಯೇಟಿವ್ ಕಾಮನ್ಸ್' ಎಂಬ ಗುರುತು ಇರುತ್ತದೆ; ಮಾಡಿದವರ ಹೆಸರು ಅಳಿಸದೆ, ಮಾರಾಟ ಮಾಡದೆ ಅವನ್ನು ನೆರೆಯವರಿಗೆ ಕೊಡಬಹುದು.

ಈ ಕೂಡಿಡುವ ವಿದ್ಯೆ ಹೊಸದೇನಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ತಮ್ಮ ಪಾಠಗಳನ್ನು ಹಾರ್ಡ್ ಡಿಸ್ಕಿಗೆ ತುಂಬಿ ಸಂಪರ್ಕ ದುರ್ಬಲವಾದ ಆಫ್ರಿಕದ ವಿಶ್ವವಿದ್ಯಾಲಯಗಳಿಗೆ ಕಳಿಸಿದ್ದುಂಟು. ನಮ್ಮ ರಾಜ್ಯದಲ್ಲೇ, 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ 'ಡಿಜಿಟಲ್ ಗ್ರೀನ್' ಎಂಬ ಯೋಜನೆಯವರು ಗ್ರೀನ್ ಫೌಂಡೇಶನ್ ಜೊತೆ ಸೇರಿ ಹಳ್ಳಿಯ ರೈತರದ್ದೇ ವಿಡಿಯೊ ತೆಗೆದರು. ಅದನ್ನು ಟಿವಿ ಮತ್ತು ಡಿವಿಡಿ ಪ್ಲೇಯರಿನಲ್ಲಿ ಊರವರ ಗುಂಪಿಗೆ ತೋರಿಸಿದರು. ನಡುನಡುವೆ ವಿಡಿಯೊ ನಿಲ್ಲಿಸಿ, ಅರ್ಥವಾಯಿತೇ, ನೀವು ಹೇಗೆ ಮಾಡುತ್ತೀರಿ ಎಂದು ಕೇಳಲು ಊರಿನವರೇ ಒಬ್ಬರಿದ್ದರು. ಒಬ್ಬನೇ ಫೋನು ಹಿಡಿದು ನೋಡುವುದಕ್ಕೂ ಹತ್ತು ಜನ ಕುಳಿತು ವಾದ ಮಾಡುತ್ತ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಬೋರ್ಡೋ ದ್ರಾವಣದ ಪಾಕವನ್ನು ನಾವೆಲ್ಲ ಕಲಿತದ್ದು ಹಾಗೆಯೇ ಅಲ್ಲವೇ?

2021ರ ಜೂನಿನಲ್ಲಿ ಸುಳ್ಯ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ರಸ್ತೆ ಬದಿಯಲ್ಲಿ ಕುಳಿತು ಪಾಠ ಕೇಳುವ ಮಗಳಿಗೆ ಮಳೆಯಲ್ಲಿ ಕೊಡೆ ಹಿಡಿದು ನಿಂತ ತಂದೆಯ ಚಿತ್ರ ಪತ್ರಿಕೆಗಳಲ್ಲಿ ಬಂದುದನ್ನು ಹಲವರು ನೋಡಿರಬಹುದು. ಅದು ನೇರ ತರಗತಿ, ಕೂಡಿಡಲಾಗದ್ದು. ಆದರೆ ಕೂಡಿಡಬಹುದಾದ ಪಾಠಕ್ಕೂ ನಮ್ಮ ಮಕ್ಕಳು ಗುಡ್ಡ ಹತ್ತುವುದನ್ನು ನೋಡಿದಾಗ ಸಂಘ ಏನಾದರೂ ಮಾಡಬಾರದೇ ಎನಿಸುತ್ತದೆ. ಸಂಘದ ಕಚೇರಿಗೆ ಫೈಬರ್ ಸಂಪರ್ಕವಿದೆ, ಬ್ಯಾಟರಿಯೂ ಇದೆ. ಒಂದು ಹಾರ್ಡ್ ಡಿಸ್ಕ್ ಕೊಂಡು, ಹಂಚಲು ಅನುಮತಿಯಿರುವ ಪಾಠಗಳನ್ನು ಮೇ ಹದಿನೈದರೊಳಗೆ ಅದಕ್ಕೆ ತುಂಬಿಟ್ಟು, ಗೊಬ್ಬರಕ್ಕೆ ಬಂದ ಸದಸ್ಯರು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೋಗುವಂತೆ ಮಾಡಬಹುದೆಂದು ಆಡಳಿತ ಮಂಡಳಿಗೆ ಬರೆದಿದ್ದೇನೆ. ಯಾವ ಯಾವ ಪಾಠ ಬೇಕೆಂದು ಸದಸ್ಯರು ಕಚೇರಿಯಲ್ಲಿ ತಿಳಿಸಿದರೆ ಪಟ್ಟಿ ಮಾಡುವುದು ಸುಲಭವಾಗುತ್ತದೆ. ಎರಡು ದಿನ ಬಂದು ಕುಳಿತು ಇಳಿಸಿಕೊಡಲು ನಮ್ಮ ಹುಡುಗಿ ಸಿದ್ಧಳಿದ್ದಾಳೆ. ಅವಳ ಪರೀಕ್ಷೆ ಈ ವರ್ಷವೂ ಇದೆ. ಈ ಸಲದ ಪಾಠಗಳು ಎರಡು ಕಾರ್ಡಿನಲ್ಲಿ, ಬೂಷ್ಟು ಹಿಡಿಯದಂತೆ, ಒಲೆಯ ಮೇಲಿನ ಗೂಡಿನ ಡಬ್ಬಿಯಲ್ಲಿವೆ.