ಮನೆಗೆ ಬಂದವರಿಗೆ ಯಾವ ಬೆಟ್ಟದ ದಾರಿ?

ಡಿಸೆಂಬರ್ ರಜೆಯಲ್ಲಿ ಒಮಾನಿನ ಮಾಮು ಮನೆಗೆ ನಾನಿಯ ಜೊತೆ ಹೋಗಿದ್ದೆ. ಮಾಮು ಜೆಬೆಲ್ ಶಮ್ಸ್ ತೋರಿಸಲು ಹೊರಟರು. ಸೂರ್ಯನ ಬೆಟ್ಟ ಎಂದರ್ಥ. ಸುಮಾರು 3,000 ಮೀಟರ್ ಎತ್ತರದ ಬೋಳು ಕಲ್ಲುಬೆಟ್ಟ.

ಅಲ್ಲಿ ಡಬ್ಲ್ಯೂ 4 ಎಂಬ ಕಾಲುದಾರಿ ಶಿಖರಕ್ಕೆ ಹೋಗುತ್ತದೆ, ಇಡೀ ದಿನ ಬೇಕು. ನನಗೆ ಅದೇ ಆಸೆ. ನಾನಿಯ ಮೊಣಕಾಲು ನೆನೆದು ಮಾಮು ಡಬ್ಲ್ಯೂ 6 ಆರಿಸಿದರು. ಅದು ಆಳವಾದ ಕಣಿವೆಯ ಪಕ್ಕದಲ್ಲೇ ಸಾಗಿ, ಜನ ಬಿಟ್ಟುಹೋದ ಹಳೆಯ ಹಳ್ಳಿ ಮುಟ್ಟುತ್ತದೆ. ಏರು ಕಡಿಮೆ. ಮೊದಲಿನಿಂದಲೇ ಕಣಿವೆ ಕಾಣುವುದರಿಂದ ಸುಸ್ತಾದಲ್ಲಿ ಹಿಂತಿರುಗಿದರೂ ನಷ್ಟವಿಲ್ಲ. ಆದರೆ ಅಂಚಿಗೆ ತಡೆಯಿಲ್ಲ, ಮಕ್ಕಳನ್ನು ಬಂಡೆಯ ಕಡೆಗೇ ನಡೆಸಬೇಕು. ಕಲ್ಲುಗಳ ಮೇಲೆ ಬಳಿದ ಹಳದಿ, ಬಿಳಿ, ಕೆಂಪು ಪಟ್ಟೆಗಳೇ ದಾರಿಯ ಗುರುತು.

ನಾನಿ ಅರ್ಧ ಗಂಟೆ ನನ್ನ ಕೈ ಹಿಡಿದು ನಡೆದರು. ಕುಳಿತು, ಕಣಿವೆ ನೋಡಿ "ಸುಬ್ಹಾನಲ್ಲಾಹ್" ಎಂದರು. ಅಲ್ಲಿಂದಲೇ ತಿರುಗಿದೆವು. ಆ ಹಳ್ಳಿ ನಾನಿನ್ನೂ ನೋಡಿಲ್ಲ.