ಹಿಮ ಬಿತ್ತು, ಇ-ಬೈಕ್ ಬ್ಯಾಟರಿ ಎಲ್ಲಿದೆ?

ಟೊರಾಂಟೊ ಚಳಿಗೆ ಇ-ಬೈಕ್ ಗ್ಯಾರೇಜ್ ಸೇರಿತಾ? ಬೈಕ್ ಅಲ್ಲೇ ಇರಲಿ, ಬ್ಯಾಟರಿ ಮಾತ್ರ ಬಿಚ್ಚಿ ಒಳಗೆ ತನ್ನಿ.

ಚಳಿಯಲ್ಲಿ ಓಡಿಸಿದರೆ ಮೈಲೇಜ್ ಕಮ್ಮಿಯಾಗುತ್ತೆ, ಬೆಚ್ಚಗಾದರೆ ವಾಪಸ್ ಬರುತ್ತೆ. ನಿಜವಾದ ಪೆಟ್ಟು ಬೀಳೋದು ಚಾರ್ಜ್ ಮಾಡುವಾಗ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳೊಳಗೆ ಬೇಗ ನುಗ್ಗಲಾರವು. ಹೊರಮೈ ಮೇಲೇ ಲೋಹವಾಗಿ ಕೂತುಬಿಡುತ್ತವೆ. ಹಾಗೆ ಹೋದ ಸಾಮರ್ಥ್ಯ ಪೂರ್ತಿ ಮರಳೋಲ್ಲ, ಒಳಗೇ ಶಾರ್ಟ್ ಆಗುವ ಭಯ ಬೇರೆ. ಮುಟ್ಟಿದರೆ ತಣ್ಣಗಿದೆಯಾ? ಒಂದೆರಡು ಗಂಟೆ ಸುಮ್ಮನೆ ಬಿಡಿ, ಆಮೇಲೆ ಪ್ಲಗ್.

ತಿಂಗಳುಗಟ್ಟಲೆ ಇಡೋದಾದರೆ ಫುಲ್ ಚಾರ್ಜೂ ಬೇಡ, ಖಾಲಿಯೂ ಬೇಡ. 30ರಿಂದ 60 ಪರ್ಸೆಂಟ್ ಸಾಕು. 10ರಿಂದ 20 ಡಿಗ್ರಿಯ ಒಣ ಜಾಗ. ಹೀಟರ್ ಪಕ್ಕ ಇಡಲೇಬೇಡಿ, ಬಾಗಿಲ ದಾರಿಯಲ್ಲೂ ಬೇಡ. ತಿಂಗಳಿಗೊಮ್ಮೆ ಬಟನ್ ಒತ್ತಿ ನೋಡಿ; ಒಂದೇ ಲೈಟ್ ಉರಿದರೆ ಸ್ವಲ್ಪ ಚಾರ್ಜ್ ಕೊಡಿ.