ಹಾಚಿಮಾನ್ ದೇಗುಲದ ಮೆಟ್ಟಿಲುಗಳು

ಯುದ್ಧದೇವತೆಯ ಸನ್ನಿಧಿಯೆಂದರೆ ಖಡ್ಗಗಳೂ ಗೆಲುವಿನ ಕಥೆಗಳೂ ನೆನಪಿಗೆ ಬರುವುದು ಸಹಜ. ಜಪಾನಿನ ಕಾಮಾಕುರದಲ್ಲಿರುವ ತ್ಸುರುಗಾವೋಕ ಹಾಚಿಮಾನ್ ಎಂಬ ಶಿಂಟೋ ದೇಗುಲವನ್ನು ಕಂಡು ಬಂದ ಮೇಲೆ ನನ್ನ ಮನಸ್ಸಿನಲ್ಲಿ ಉಳಿದವರಾದರೋ ಒಬ್ಬ ನರ್ತಕಿ ಹಾಗೂ ಒಬ್ಬ ಕವಿ.

ಹಾಚಿಮಾನನು ಸಮುರಾಯರ ಆರಾಧ್ಯದೈವ. ಪ್ರಾಚೀನ ಚಕ್ರವರ್ತಿ ಓಜಿನನೇ ಈ ದೈವವೆಂಬುದು ಅಲ್ಲಿಯವರ ನಂಬಿಕೆ. ಜಪಾನಿನ ಮೊದಲ ಯೋಧಪ್ರಭುತ್ವವನ್ನು ಸ್ಥಾಪಿಸಿದ ಮಿನಾಮೋತೋ ಯೋರಿತೋಮೊ 1180ರಲ್ಲಿ, ಕಡಲ ಸಮೀಪದಲ್ಲಿದ್ದ ತನ್ನ ಮನೆತನದ ಈ ದೇವರನ್ನು ಬೆಟ್ಟದ ತಪ್ಪಲಿಗೆ ತಂದು ನೆಲೆಗೊಳಿಸಿದನು. ಬೌದ್ಧರೂ ಇವನನ್ನು ಬೋಧಿಸತ್ವನೆಂದು ಪೂಜಿಸುತ್ತಿದ್ದರು. 1868ರಲ್ಲಿ ಸರ್ಕಾರ ಎರಡು ಮತಗಳನ್ನು ಬೇರ್ಪಡಿಸಲು ಆಜ್ಞಾಪಿಸಿದ ತರುವಾಯ ಆವರಣದ ಬೌದ್ಧ ಕಟ್ಟಡಗಳು ನೆಲಸಮವಾದುವು.

ಮೆಟ್ಟಿಲುಗಳ ಬುಡದಲ್ಲಿ ನೃತ್ಯಮಂಟಪವೊಂದಿದೆ. 1186ರಲ್ಲಿ ಶಿಝುಕಾ ಎಂಬ ನರ್ತಕಿ ಕುಣಿದ ಸ್ಥಳವಿದೆಂದು ಪ್ರತೀತಿ. ಆಕೆಯ ಪ್ರಿಯ ಯೋಶಿತ್ಸುನೆ ಯೋರಿತೋಮೊನ ತಮ್ಮ. ಅಣ್ಣನ ಕೋಪಕ್ಕೆ ತುತ್ತಾಗಿ ತಲೆಮರೆಸಿಕೊಂಡಿದ್ದವನು. ಸೆರೆಯಾಳಾಗಿದ್ದ ಶಿಝುಕಾ ಕುಣಿಯಲೇಬೇಕೆಂದು ಪ್ರಭುವಿನ ಕಟ್ಟಪ್ಪಣೆಯಾಯಿತು. ಆಕೆ ಕುಣಿದಳು, ಪ್ರಭುವಿನ ಎದುರಿನಲ್ಲಿಯೇ ಪ್ರಿಯನಿಗಾಗಿ ಹಂಬಲಿಸಿ ಹಾಡಿದಳು. ಕೆರಳಿದ ಯೋರಿತೋಮೊನನ್ನು ಸಮಾಧಾನಪಡಿಸಿದವಳು ಆತನ ಪತ್ನಿ ಮಸಾಕೊ: ತಾನೂ ಹಿಂದೊಮ್ಮೆ ಮಳೆಯ ಕತ್ತಲಲ್ಲಿ ಅವನನ್ನರಸಿ ಬಂದವಳಲ್ಲವೇ ಎಂದು ನೆನಪಿಸಿದಳಂತೆ. ಆದರೆ ಮುಂದೆ ಶಿಝುಕಾ ಹಡೆದ ಗಂಡುಕೂಸನ್ನು ಉಳಿಸಿಕೊಳ್ಳಲು ಮಸಾಕೊಳ ಮಾತೂ ಸಾಲದೆ ಹೋಯಿತು.

ಮಸಾಕೊಳ ಸ್ವಂತ ಮಗ ಸಾನೆತೋಮೊ ಮೂರನೆಯ ಶೋಗನ್ ಆದವನು. ಖಡ್ಗಕ್ಕಿಂತ ಕವಿತೆಯೇ ಅವನಿಗೆ ಒಲಿದಿತ್ತೆಂದು ನನ್ನ ಎಣಿಕೆ. 'ಕಿಂಕಾಯ್ ವಾಕಾಶು' ಎಂಬ ಅವನ ಸಂಕಲನದಲ್ಲಿ ಆರುನೂರಕ್ಕೂ ಮಿಕ್ಕಿ ಕವಿತೆಗಳುಂಟು. 1219ರ ಒಂದು ಹಿಮದ ರಾತ್ರಿ, ಉನ್ನತ ಪದವಿ ದೊರೆತುದಕ್ಕೆ ದೇವರಿಗೆ ವಂದಿಸಿ ಹಿಂದಿರುಗುತ್ತಿದ್ದಾಗ, ಈ ಮೆಟ್ಟಿಲುಗಳ ಬಳಿಯಲ್ಲೇ ಅವನ ಕೊಲೆಯಾಯಿತು. ಕೊಂದವನು ಅಣ್ಣನ ಮಗ ಕುಗ್ಯೋ, ಇದೇ ದೇಗುಲದ ಮುಖ್ಯಾಧಿಕಾರಿಯಾಗಿದ್ದ ಸನ್ಯಾಸಿ! ಅವನೂ ಅದೇ ರಾತ್ರಿ ಹತನಾದನು.

ಮೆಟ್ಟಿಲ ಪಕ್ಕದ ದೊಡ್ಡ ಗಿಂಕ್ಗೊ ಮರದ ಹಿಂದೆ ಕುಗ್ಯೋ ಅಡಗಿದ್ದನೆಂದು ಜನ ಹೇಳುತ್ತಾರೆ. ಆ ಕಾಲದ ವೃತ್ತಾಂತವಾದ 'ಅಝುಮ ಕಾಗಾಮಿ'ಯಲ್ಲಿ ಮರದ ಸುದ್ದಿಯೇ ಇಲ್ಲ. ಅದು ಎಷ್ಟೋ ಶತಮಾನಗಳ ಮೇಲೆ ಕಥೆಗೆ ಸೇರಿಕೊಂಡದ್ದು. 2010ರ ಮಾರ್ಚ್ 10ರಂದು ಬಿರುಗಾಳಿಗೆ ಆ ಮರ ಬುಡಮೇಲಾಯಿತು. ನಾನು ಹೋದಾಗ ಹಳೆಯ ಬೇರಿನಿಂದ ಎದ್ದ ಚಿಗುರುಗಳು ಎಳೆಯ ಮರವಾಗಿ ನಿಂತಿದ್ದುವು. ಶಾಲಾಬಾಲಕನೊಬ್ಬ ಅದರ ಹಿಂದೆ ಅವಿತುಕೊಳ್ಳಲು ನೋಡುತ್ತಿದ್ದ. ಅವನ ಚೀಲವೂ ಮರೆಯಾಗಲಿಲ್ಲ.